ನಟ್ಟು ತಿರುಗಿಸುವ ಕೈ: ಇಲಿಜಾರೊವ್ ವಿಧಾನದಲ್ಲಿ ಮೂಳೆಯ ಫಲಿತಾಂಶ ಮತ್ತು ನಡಿಗೆಯ ಫಲಿತಾಂಶ

ಮೂಳೆ ಕೂಡಿಸಲು, ಉದ್ದ ಮಾಡಲು ಕಾಲಿನ ಸುತ್ತ ಕಟ್ಟುವ ಇಲಿಜಾರೊವ್ ಚೌಕಟ್ಟಿನ ಉಂಗುರಗಳನ್ನು ಒಂದಕ್ಕೊಂದು ಜೋಡಿಸುವ ತಿರುಪು ಸರಳಿನಲ್ಲಿ ಎಳೆಯಿಂದ ಎಳೆಗೆ ಇರುವ ಅಂತರ 1 ಮಿಲಿಮೀಟರ್. ನಟ್ಟನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಉಂಗುರಗಳು ಅಷ್ಟು ದೂರ ಸರಿಯುತ್ತವೆ. ಕಾಲು ಸುತ್ತಿಗೆ 0.25 ಮಿ.ಮೀ. ಕಾಲು ಉದ್ದ ಮಾಡಿಸಿಕೊಳ್ಳುತ್ತಿರುವ ರೋಗಿ ದಿನಕ್ಕೆ ನಾಲ್ಕು ಸಲ, ಸರಿಸುಮಾರು ಆರಾರು ಗಂಟೆಗೊಮ್ಮೆ, ಸ್ಪ್ಯಾನರ್ ಹಿಡಿದು ಈ ಕಾಲು ಸುತ್ತನ್ನು ತಿರುಗಿಸಬೇಕು. ಹಾಗೆ ಐವತ್ತು ದಿನ ತಿರುಗಿಸಿದರೆ 5 ಸೆಂಟಿಮೀಟರ್. ಶಸ್ತ್ರಚಿಕಿತ್ಸಕರು ಮೂಳೆ ಕತ್ತರಿಸಿ, ತಂತಿ ಹಾಯಿಸಿ, ಉಂಗುರ ಕಟ್ಟುವುದಕ್ಕೆ ಕೆಲವು ಗಂಟೆ ಸಾಕು. ಕಾಲನ್ನು ನಿಜವಾಗಿ ಉದ್ದ ಮಾಡುವವರು ರೋಗಿ, ಮತ್ತು ಪಕ್ಕದಲ್ಲಿ ಕುಳಿತು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಡುವ ತಾಯಿಯೋ ಹೆಂಡತಿಯೋ ಅಣ್ಣನೋ. ಶಸ್ತ್ರಚಿಕಿತ್ಸೆಯ ಮುಖ್ಯ ಭಾಗ ರೋಗಿಯ ಮನೆಯ ಜಗುಲಿಯ ಮೇಲೆ ನಡೆಯುವ ಇನ್ನೊಂದು ಪದ್ಧತಿ ಹುಡುಕಿದರೂ ಸಿಗುವುದು ಕಷ್ಟ.

ಈ ಲೇಖನದ ಪ್ರಶ್ನೆ ಅಲ್ಲಿಂದಲೇ ಹುಟ್ಟಿದ್ದು. ರೋಗಿಯ ದುಡಿಮೆಯಿಂದ ಬೆಳೆದ ಕಾಲು ಗುಣವಾಯಿತೆಂದು ತೀರ್ಮಾನಿಸುವುದು ಯಾವ ಅಳತೆಗೋಲಿನಿಂದ? ಎಕ್ಸ್-ರೇಯಲ್ಲಿ ಕೂಡಿಕೊಂಡ ಮೂಳೆ ಒಂದು ಉತ್ತರ, ನಡಿಗೆ ಇನ್ನೊಂದು. ನಮ್ಮ ಕಡೆ ನಡಿಗೆಯಷ್ಟೇ ಕಾಲಿನ ಕೆಲಸವಲ್ಲ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುವುದು, ಕುಕ್ಕರಗಾಲಿನಲ್ಲಿ ಕೂತು ಏಳುವುದು, ಎರಡೂ ಕೈಯಲ್ಲಿ ಕೊಡ ಹೊತ್ತು ಮೆಟ್ಟಿಲು ಹತ್ತುವುದು ಎಲ್ಲವೂ ಅದರಲ್ಲಿ ಸೇರಿವೆ. ಈ ವಿಧಾನಕ್ಕೆಂದೇ ರೂಪುಗೊಂಡು ವ್ಯಾಪಕ ಬಳಕೆಯಲ್ಲಿರುವ ಮಾಪನ ಮೂಳೆಯನ್ನೂ ನಡಿಗೆಯನ್ನೂ ಬೇರ್ಪಡಿಸಿ ನೋಡಿತು, ಅದು ದೊಡ್ಡ ಹೆಜ್ಜೆ. ಆದರೆ ಮಡಚುವ ಮೊಣಕಾಲನ್ನೂ ಬಿಡುವಾದ ಕೈಯನ್ನೂ ಅದು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ ಎಂಬುದು ನನ್ನ ವಾದ.

ಅಲುಗಬಾರದೆಂಬ ನಿಯಮ

ಮುರಿದ ಮೂಳೆ ಅಲುಗಬಾರದು ಎಂಬುದು ಎಲ್ಲ ನಾಡುಗಳ ಹಳೆಯ ತಿಳಿವಳಿಕೆ. ಸುಶ್ರುತ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ಭಗ್ನ ಚಿಕಿತ್ಸೆಗೆ ಪ್ರತ್ಯೇಕ ಅಧ್ಯಾಯವೇ ಇದೆ. ಕಾಲಿನ ಮುರಿತಕ್ಕೆ ಕಪಾಟಶಯನ, ಅಂದರೆ ಹಲಗೆಯ ಮೇಲೆ ಗೂಟಗಳ ನಡುವೆ ಕಾಲನ್ನು ಕದಲದಂತೆ ಇರಿಸುವ ಕ್ರಮ, ಅಲ್ಲಿ ಹೇಳಿದೆ. ನಮ್ಮ ಹಳ್ಳಿಗಳಲ್ಲಿ ಮೂಳೆ ಕಟ್ಟುವವರು ಬಿದಿರ ದಬ್ಬೆಯಿಟ್ಟು ಬಿಗಿಯುವುದೂ, ಆಸ್ಪತ್ರೆಯ ಪ್ಲಾಸ್ಟರ್ ಕಟ್ಟೂ ಇದೇ ನಂಬಿಕೆಯ ಬೇರೆ ಬೇರೆ ರೂಪಗಳು. ನಂಬಿಕೆ ತಪ್ಪಲ್ಲ. ಆದರೆ ಅದಕ್ಕೆ ತೆರಬೇಕಾದ ಬೆಲೆಯಿದೆ: ತಿಂಗಳುಗಟ್ಟಲೆ ಮಲಗಿದ ಕಾಲಿನ ಸ್ನಾಯು ಸೊರಗುತ್ತದೆ, ಮೊಣಕಾಲು ಸೆಟೆದುಕೊಳ್ಳುತ್ತದೆ, ಭಾರ ಬೀಳದ ಮೂಳೆ ಸುಣ್ಣ ಕಳೆದುಕೊಂಡು ಟೊಳ್ಳಾಗುತ್ತದೆ.

ಗಿಡ್ಡ ಕಾಲನ್ನು ಎಳೆದು ಉದ್ದ ಮಾಡಬಹುದೆಂಬ ಆಲೋಚನೆ ಹುಟ್ಟಿದ್ದೂ ಇದೇ ನಂಬಿಕೆಯೊಳಗೆ. ಇಟಲಿಯ ಬೊಲೊನ್ಯಾದಲ್ಲಿ ಅಲೆಸ್ಸಾಂಡ್ರೊ ಕೊದಿವಿಲ್ಲಾ ಮೂಳೆ ಕತ್ತರಿಸಿ, ಹಿಮ್ಮಡಿಯ ಮೂಳೆಗೆ ಮೊಳೆ ಹಾಯಿಸಿ, ಬಲವಾಗಿ ಎಳೆದು, ಎಳೆದ ಸ್ಥಿತಿಯಲ್ಲೇ ಪ್ಲಾಸ್ಟರ್ ಹಾಕುತ್ತಿದ್ದರು. 1905ರಲ್ಲಿ ಅದನ್ನು ಪ್ರಕಟಿಸಿದರು. ಅಮೆರಿಕದ ಲೆರಾಯ್ ಅಬಟ್ 1927ರ ಹೊತ್ತಿಗೆ ಎಳೆತವನ್ನು ನಿಧಾನಗೊಳಿಸಿದರು. ಜರ್ಮನಿಯ ಹೈನ್ಜ್ ವಾಗ್ನರ್ ಕಾಲಿನ ಒಂದು ಬದಿಗೆ ಕಟ್ಟುವ ಸಾಧನ ತಂದು, ಬೇಕಾದಷ್ಟು ಎಳೆದ ಮೇಲೆ ಮತ್ತೆ ಶಸ್ತ್ರಚಿಕಿತ್ಸೆ ಮಾಡಿ, ಉಂಟಾದ ಸಂದಿಗೆ ಸೊಂಟದ ಮೂಳೆಯ ಚೂರುಗಳನ್ನು ತುಂಬಿ ಪ್ಲೇಟ್ ಜೋಡಿಸುತ್ತಿದ್ದರು. ಇವರೆಲ್ಲರೂ ಸಮರ್ಥರೇ. ಎಳೆದಾಗ ಉಂಟಾಗುವ ಸಂದಿ ಖಾಲಿ ಜಾಗ, ಅದನ್ನು ಹೊರಗಿನಿಂದ ತುಂಬಬೇಕು ಅಥವಾ ತಾನಾಗಿ ತುಂಬುವ ಅದೃಷ್ಟಕ್ಕೆ ಬಿಡಬೇಕು ಎಂದು ಅವರೆಲ್ಲ ಭಾವಿಸಿದ್ದರು. ಎಳೆತವೇ ಮೂಳೆಯನ್ನು ಹುಟ್ಟಿಸಬಲ್ಲುದು ಎಂದು ಕಂಡವರು ದೊಡ್ಡ ನಗರದ ಪ್ರಾಧ್ಯಾಪಕರಲ್ಲ, ಸೈಬೀರಿಯಾದ ಹಳ್ಳಿಯೊಂದಕ್ಕೆ ಕಳಿಸಲ್ಪಟ್ಟ ವೈದ್ಯ.

ಕುರ್ಗಾನ್

ಗಾವ್ರಿಲ್ ಅಬ್ರಾಮೊವಿಚ್ ಇಲಿಜಾರೊವ್ ಹುಟ್ಟಿದ್ದು 1921ರಲ್ಲಿ. ಬೆಳೆದದ್ದು ಅಜರ್‌ಬೈಜಾನಿನ ಕುಸಾರ್‌ನಲ್ಲಿ, ಗುಡ್ಡಗಾಡು ಯಹೂದಿಗಳ ಬಡ ಮನೆಯಲ್ಲಿ. ಯುದ್ಧದ ಕಾರಣ ಕಜಕಸ್ತಾನಕ್ಕೆ ಸ್ಥಳಾಂತರಗೊಂಡಿದ್ದ ಕ್ರಿಮಿಯಾ ವೈದ್ಯಕೀಯ ಸಂಸ್ಥೆಯಿಂದ 1944ರಲ್ಲಿ ಪದವಿ ಪಡೆದರು. ಕೆಲಸ ಸಿಕ್ಕಿದ್ದು ಉರಲ್ ಪರ್ವತಗಳ ಆಚೆ, ಕುರ್ಗಾನ್ ಪ್ರಾಂತದ ಡೊಲ್ಗೊವ್ಕಾ ಎಂಬ ಹಳ್ಳಿಯಲ್ಲಿ. ಅಲ್ಲಿ ಹೆರಿಗೆಗೂ ಅವರೇ, ಹೊಟ್ಟೆನೋವಿಗೂ ಅವರೇ, ಮುರಿದ ಮೂಳೆಗೂ ಅವರೇ. ಯುದ್ಧ ಮುಗಿದು ಊರಿಗೆ ಮರಳಿದ ಸೈನಿಕರಲ್ಲಿ ಎಷ್ಟೋ ಜನರ ಕಾಲಿನ ಮೂಳೆ ವರ್ಷಗಳಿಂದ ಕೂಡಿರಲಿಲ್ಲ, ಒಳಗಿನಿಂದ ಕೀವು ಸುರಿಯುತ್ತಿತ್ತು. ಪ್ಲಾಸ್ಟರ್ ಬಿಟ್ಟರೆ ಕೈಯಲ್ಲಿ ಬೇರೆ ಉಪಾಯವಿರಲಿಲ್ಲ. ಪ್ಲಾಸ್ಟರ್ ಸೋತ ಮೇಲೆ ಗರಗಸ.

1950ರಲ್ಲಿ ಅವರು ಕುರ್ಗಾನ್ ನಗರದ ಆಸ್ಪತ್ರೆಗೆ ಬಂದರು. ಮರುವರ್ಷವೇ ಚೌಕಟ್ಟು ರೂಪುಗೊಂಡಿತು: ಕಾಲಿನ ಸುತ್ತ ಲೋಹದ ಉಂಗುರಗಳು, ಮೂಳೆಯನ್ನು ಅಡ್ಡಡ್ಡ ತೂರಿ ಉಂಗುರಕ್ಕೆ ಬಿಗಿಯುವ ತೆಳು ತಂತಿಗಳು, ಉಂಗುರಗಳ ನಡುವೆ ತಿರುಪು ಸರಳುಗಳು. ಮೊದಲ ಚೌಕಟ್ಟು ಸೈಕಲ್ಲಿನ ಬಿಡಿಭಾಗಗಳಿಂದ ಆಯಿತೆಂಬ ಕಥೆ ಮೂಳೆವೈದ್ಯರ ನಡುವೆ ಇಂದಿಗೂ ಓಡಾಡುತ್ತದೆ. ಕಥೆಯ ಮಾತು ಹೇಗೇ ಇರಲಿ, ತತ್ತ್ವ ಮಾತ್ರ ಸೈಕಲ್ ಚಕ್ರದ್ದೇ. 1.5ರಿಂದ 1.8 ಮಿ.ಮೀ. ದಪ್ಪದ ತಂತಿ ತಾನಾಗಿ ಏನನ್ನೂ ಹೊರಲಾರದು. ಅದನ್ನು ಸುಮಾರು 90ರಿಂದ 130 ಕಿಲೋ ಭಾರದಷ್ಟು ಬಿಗಿದಾಗ ಚಕ್ರದ ಕಡ್ಡಿಯಂತೆ ಬಿಗಿತದ ಬಲದಲ್ಲೇ ಮನುಷ್ಯನ ಭಾರವನ್ನು ಹೊರುತ್ತದೆ. ಅಷ್ಟೇ ಅಲ್ಲ, ಹೆಜ್ಜೆ ಊರಿದಾಗ ಕೂದಲೆಳೆಯಷ್ಟು ಬಳುಕಿ ಮತ್ತೆ ಸ್ವಸ್ಥಾನಕ್ಕೆ ಬರುತ್ತದೆ. ಆ ಬಳುಕು ಮೂಳೆಗೆ ಸಿಗುವ ಕರೆ. ಉದ್ದಕ್ಕೆ ಒತ್ತಡ ಸಿಗುತ್ತದೆ, ಅಡ್ಡಕ್ಕೆ ಜಾರುವಿಕೆ ಇರುವುದಿಲ್ಲ. ಮೂಳೆ ಕೂಡಲು ಬೇಕಾದ್ದು ಇದೇ. ಹಾಗಾಗಿ ಈ ಚೌಕಟ್ಟು ಕಟ್ಟಿಸಿಕೊಂಡವರು ಮಲಗಬಾರದು, ಎದ್ದು ನಡೆಯಬೇಕು. ಸಾವಿರಾರು ವರ್ಷಗಳ 'ಅಲುಗಬಾರದು' ಎಂಬ ನಿಯಮ ಇಲ್ಲಿ ಎರಡಾಗಿ ಸೀಳಿತು: ಮುರಿದ ತುದಿಗಳು ಸರಿದಾಡಬಾರದು, ಮನುಷ್ಯ ಮಾತ್ರ ನಿಲ್ಲಬಾರದು.

ಮೊದಮೊದಲು ಚೌಕಟ್ಟಿದ್ದದ್ದು ಒತ್ತುವುದಕ್ಕೆ, ಎಳೆಯುವುದಕ್ಕಲ್ಲ. ಕೂಡದ ಮೂಳೆಯ ಎರಡು ತುದಿಗಳನ್ನು ಒಂದರ ಮೇಲೊಂದು ಒತ್ತಿಹಿಡಿದರೆ ಕೂಡುತ್ತವೆ ಎಂಬುದು ಆಗಿನ ಲೆಕ್ಕ. ಒಬ್ಬ ರೋಗಿ ನಟ್ಟನ್ನು ತಪ್ಪು ದಿಕ್ಕಿಗೆ ತಿರುಗಿಸಿದರು, ತುದಿಗಳು ಹತ್ತಿರವಾಗುವ ಬದಲು ದೂರ ಸರಿದವು, ಎಕ್ಸ್-ರೇ ತೆಗೆದಾಗ ಆ ಸಂದಿಯಲ್ಲಿ ಎಳೆ ಮೂಳೆ ಕಾಣಿಸಿತು. ಈ ವಿಧಾನದ ಹುಟ್ಟನ್ನು ಸಾಮಾನ್ಯವಾಗಿ ಹೀಗೆ ಹೇಳುತ್ತಾರೆ. ಹೇಳುವವರು ಇದನ್ನು ಅದೃಷ್ಟದ ಕಥೆಯಾಗಿಸುತ್ತಾರೆ. ನನಗೆ ಇದರಲ್ಲಿ ಬೇರೆಯೇ ಒಂದು ಕಾಣುತ್ತದೆ. ನಟ್ಟು ರೋಗಿಯ ಕೈಯಲ್ಲಿತ್ತು ಎಂಬುದರಿಂದ ಮಾತ್ರ ಆ ತಪ್ಪು ಸಾಧ್ಯವಾಯಿತು. ಮತ್ತು ತಪ್ಪಿಗೆ ಗದರಿ ಸರಿಪಡಿಸುವ ಬದಲು ಎಕ್ಸ್-ರೇಯನ್ನು ದಿಟ್ಟಿಸಿ ನೋಡುವ ವೈದ್ಯರೊಬ್ಬರು ಎದುರಿಗಿದ್ದರು.

ಮಾಸ್ಕೋದ ದೊಡ್ಡವರು ದೂರದ ಕುರ್ಗಾನಿನ ಮಾತನ್ನು ಬಹಳ ಕಾಲ ಕಿವಿಗೆ ಹಾಕಿಕೊಳ್ಳಲಿಲ್ಲ. ಹಾಕಿಕೊಳ್ಳುವಂತೆ ಮಾಡಿದವರು ವಲೇರಿ ಬ್ರುಮೆಲ್. 1963ರಲ್ಲಿ 2.28 ಮೀಟರ್ ಹಾರಿ ವಿಶ್ವದಾಖಲೆ ಬರೆದವರು, 1964ರ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತದ ಚಿನ್ನ ಗೆದ್ದವರು. 1965ರ ಅಕ್ಟೋಬರ್‌ನಲ್ಲಿ ಮಾಸ್ಕೋದಲ್ಲಿ ಮೋಟಾರ್‌ಸೈಕಲ್ ಅಪಘಾತವಾಗಿ ಅವರ ಬಲಗಾಲಿನ ಮೂಳೆ ಚರ್ಮ ಸೀಳಿ ಹೊರಬಂದಿತು. ಕಾಲು ಉಳಿಸಲು ಒಂದರ ಮೇಲೊಂದು ಶಸ್ತ್ರಚಿಕಿತ್ಸೆ ನಡೆದರೂ ಮೂರು ವರ್ಷ ಮೂಳೆ ಕೂಡಲಿಲ್ಲ, ಸೋಂಕು ಆರಲಿಲ್ಲ, ಕಾಲು ಗಿಡ್ಡವಾಯಿತು. 1968ರಲ್ಲಿ ಅವರು ಕುರ್ಗಾನಿಗೆ ಹೋದರು. ಇಲಿಜಾರೊವ್ ಚೌಕಟ್ಟು ಕಟ್ಟಿದರು, ಮೂಳೆ ಕೂಡಿತು, ಉದ್ದ ಮರಳಿತು. ಬ್ರುಮೆಲ್ ಮತ್ತೆ ಎರಡು ಮೀಟರ್ ಮೀರಿ ಹಾರಿದರು. 1971ರಲ್ಲಿ ಕುರ್ಗಾನಿನಲ್ಲಿ ಇಲಿಜಾರೊವ್ ನೇತೃತ್ವದ ಸಂಶೋಧನಾ ಸಂಸ್ಥೆ ಸ್ಥಾಪನೆಯಾಯಿತು. 1978ರಲ್ಲಿ ಅವರಿಗೆ ಲೆನಿನ್ ಪ್ರಶಸ್ತಿ ಸಂದಿತು.

ಗಡಿ ದಾಟಿದ್ದೂ ರೋಗಿಯೊಬ್ಬರ ಕಾಲಿನ ಮೇಲೆಯೇ. ಇಟಲಿಯ ಲೆಕ್ಕೊದ ಪರ್ವತಾರೋಹಿ ಕಾರ್ಲೊ ಮೌರಿ ಹಳೆಯ ಮುರಿತದಿಂದ ಗಿಡ್ಡವಾದ, ವಕ್ರವಾದ ಕಾಲಿನೊಂದಿಗೇ ಥೋರ್ ಹೆಯರ್‌ಡಾಲ್ ಅವರ ಜೊಂಡಿನ ದೋಣಿ 'ರಾ'ದಲ್ಲಿ ಅಟ್ಲಾಂಟಿಕ್ ಯಾನ ಮಾಡಿದ್ದರು. ಅದೇ ದೋಣಿಯಲ್ಲಿದ್ದ ಸೋವಿಯತ್ ವೈದ್ಯ ಯೂರಿ ಸೆಂಕೆವಿಚ್ ಅವರಿಗೆ ಕುರ್ಗಾನಿನ ದಾರಿ ತೋರಿಸಿದರು. 1980ರಲ್ಲಿ ಮೌರಿ ಹೋಗಿ, ನೆಟ್ಟಗಾದ ಕಾಲಿನೊಂದಿಗೆ ಮರಳಿದಾಗ ಲೆಕ್ಕೊದ ವೈದ್ಯರಿಗೆ ಕಣ್ಣನ್ನು ನಂಬಲಾಗಲಿಲ್ಲ. 1981ರಲ್ಲಿ ಬೆಲ್ಲಾಜಿಯೊದಲ್ಲಿ ನಡೆದ ಸಮ್ಮೇಳನಕ್ಕೆ ಇಲಿಜಾರೊವ್‌ರನ್ನು ಕರೆಸಿದರು. ಪಶ್ಚಿಮ ಯುರೋಪಿನ ಸಹೋದ್ಯೋಗಿಗಳ ಮುಂದೆ ಅವರು ತಮ್ಮ ಮೂರು ದಶಕದ ಕೆಲಸವನ್ನು ತೆರೆದಿಟ್ಟಾಗ ಅವರಿಗೆ ಅರವತ್ತು ವರ್ಷ. ಅದರ ಬೆನ್ನಿಗೇ ಲೆಕ್ಕೊದಲ್ಲಿ ಈ ವಿಧಾನದ ಅಧ್ಯಯನಕ್ಕಾಗಿ ಆಸಾಮಿ ಎಂಬ ಸಂಘ ಹುಟ್ಟಿತು. ಕನ್ನಡದ ಕಿವಿಗೆ ಆ ಹೆಸರು ಬೇರೆಯೇ ಅರ್ಥ ಕೊಡುತ್ತದೆ. ಇಟಲಿಯವರಿಗೆ ಅದು ಬರಿ ಮೊದಲಕ್ಷರಗಳ ಜೋಡಣೆ. ಮುಂದೆ ನಾವು ಚರ್ಚಿಸುವ ಮಾಪನ ಬಂದದ್ದು ಆ ಸಂಘದ ಹೆಸರಿನಲ್ಲೇ.

ಎಳೆತದಲ್ಲಿ ಹುಟ್ಟುವ ಮೂಳೆ

ಮೂಳೆಯನ್ನು ಕತ್ತರಿಸುವ ಕ್ರಮದಲ್ಲೇ ಈ ವಿಧಾನದ ನಯವಿದೆ. ವಿದ್ಯುತ್ ಗರಗಸ ಬಳಸುವುದಿಲ್ಲ. ಅದರ ಬಿಸಿಗೆ ಅಂಚಿನ ಜೀವಕೋಶಗಳು ಸುಟ್ಟುಹೋಗುತ್ತವೆ. ಸಣ್ಣ ಗಾಯದ ಮೂಲಕ ಉಳಿ ತೂರಿಸಿ, ಮೂಳೆಯ ಗಟ್ಟಿ ಹೊರಪದರವನ್ನು ಸುತ್ತಲೂ ಸೀಳಿ, ಒಳಗಿನ ಮಜ್ಜೆಗೂ ಮೇಲಿನ ಪೊರೆಗೂ ಆದಷ್ಟು ಪೆಟ್ಟಾಗದಂತೆ ನೋಡಿಕೊಳ್ಳಬೇಕು. ರಕ್ತ ಹರಿದು ಬರುವ ದಾರಿಗಳು ಅವೇ. ಕತ್ತರಿಸಿದ ಕೂಡಲೇ ಎಳೆಯುವಂತಿಲ್ಲ. ಐದರಿಂದ ಏಳು ದಿನ ಸುಮ್ಮನಿರಬೇಕು. ಆ ದಿನಗಳಲ್ಲಿ ಸಂದಿಯಲ್ಲಿ ಹೆಪ್ಪುಗಟ್ಟಿದ ರಕ್ತದೊಳಗೆ ದುರಸ್ತಿಯ ಕೋಶಗಳು ಬಂದು ಸೇರುತ್ತವೆ, ಹೊಸ ರಕ್ತನಾಳಗಳು ಚಿಗುರುತ್ತವೆ.

ನಟ್ಟು ತಿರುಗತೊಡಗಿದ ಮೇಲೆ ನಡೆಯುವುದು ಬೆರಗು ಹುಟ್ಟಿಸುವಂಥದ್ದು. ಸಂದಿಯ ನಡುವಿನ ನಾರಿನ ಎಳೆಗಳೆಲ್ಲ ಎಳೆತದ ದಿಕ್ಕಿಗೆ, ಮಗ್ಗಕ್ಕೆ ಹಾಸು ಹಾಕಿದಂತೆ, ಸಾಲಾಗಿ ನಿಲ್ಲುತ್ತವೆ. ಎರಡೂ ಕಡೆಯ ಮೂಳೆಯಿಂದ ಈ ಎಳೆಗಳ ಗುಂಟ ಸಣ್ಣ ಸಣ್ಣ ಕಂಬಗಳಾಗಿ ಹೊಸ ಮೂಳೆ ನಡುವಿನ ಕಡೆಗೆ ಬೆಳೆಯುತ್ತದೆ. ಪ್ರತಿ ಕಂಬದ ಸುತ್ತಲೂ ರಕ್ತನಾಳ. ನಟ್ಟ ನಡುವೆ ಕೆಲವೇ ಮಿಲಿಮೀಟರ್ ಅಗಲದ ನಾರಿನ ಪಟ್ಟಿಯೊಂದು ಎಳೆತ ಮುಗಿಯುವವರೆಗೂ ಹಾಗೆಯೇ ಉಳಿದು, ಎಳೆಮಕ್ಕಳ ಮೂಳೆಯಲ್ಲಿರುವ ಬೆಳವಣಿಗೆಯ ಪದರದಂತೆ ಕೆಲಸ ಮಾಡುತ್ತದೆ. ಸಾಮಾನ್ಯ ಮುರಿತ ಕೂಡುವಾಗ ನಡುವೆ ಮೃದ್ವಸ್ಥಿ ಹುಟ್ಟಿ ಆಮೇಲೆ ಮೂಳೆಯಾಗುತ್ತದೆ. ಇಲ್ಲಿ ಚೌಕಟ್ಟು ಗಟ್ಟಿಯಾಗಿದ್ದು ರಕ್ತ ಚೆನ್ನಾಗಿ ಬರುತ್ತಿದ್ದರೆ ಆ ನಡುವಿನ ಹಂತ ಬಹುಪಾಲು ಇರುವುದೇ ಇಲ್ಲ; ನಾರಿನಿಂದ ನೇರವಾಗಿ ಮೂಳೆ. ಮತ್ತು ಇದು ಗಾಯದ ಗುರುತಲ್ಲ. ಕಾಲ ಕಳೆದಂತೆ ಮಜ್ಜೆಯ ಪೊಳ್ಳು ಸಹ ಮರಳಿ ಮೂಡಿ, ಹಳೆಯ ಮೂಳೆಯಿಂದ ಬೇರ್ಪಡಿಸಿ ಹೇಳಲಾಗದ ಮೂಳೆಯಾಗುತ್ತದೆ.

ದಿನಕ್ಕೆ ಒಂದು ಮಿಲಿಮೀಟರ್ ಎಂಬ ಲೆಕ್ಕ ಊಹೆಯಿಂದ ಬಂದದ್ದಲ್ಲ. ನಾಯಿಗಳ ಕಾಲಿನ ಮೇಲೆ ಇಲಿಜಾರೊವ್ ನಡೆಸಿದ ಪ್ರಯೋಗಗಳು 1989ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದವು. ದಿನಕ್ಕೆ 0.5 ಮಿ.ಮೀ. ಎಳೆದರೆ ಅವಧಿಗೆ ಮುಂಚೆಯೇ ಮೂಳೆ ಕೂಡಿಕೊಂಡು ಮುಂದಕ್ಕೆ ಎಳೆಯಲಾಗದೆ ಹೋಗಬಹುದು, 2 ಮಿ.ಮೀ. ಎಳೆದರೆ ಮೂಳೆ ಹಿಂದೆ ಬೀಳುತ್ತದೆ, ಸ್ನಾಯು ನರಗಳೂ ಸೋಲುತ್ತವೆ, 1 ಮಿ.ಮೀ. ಹದ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಫಲಿತಾಂಶವಿದೆ. ಅದೇ ಒಂದು ಮಿಲಿಮೀಟರನ್ನು ದಿನಕ್ಕೊಮ್ಮೆ ಎಳೆಯುವುದಕ್ಕಿಂತ ನಾಲ್ಕು ಸಲ ಹಂಚಿ ಎಳೆದರೆ ಮೂಳೆ ಉತ್ತಮ. ಯಂತ್ರದಿಂದ ಅರವತ್ತು ಸಲ ಹಂಚಿದರೆ ಇನ್ನೂ ಉತ್ತಮ. ವೇಗವಷ್ಟೇ ಸಾಲದು, ಲಯವೂ ಬೇಕು. ಮನುಷ್ಯರ ಕೈಗೆ ಎಟುಕುವ ಲಯ ನಾಲ್ಕು. ರೋಗಿಯ ದಿನಚರಿ ನಟ್ಟಿನ ಸುತ್ತ ಸುತ್ತುವುದು ಈ ಕಾರಣಕ್ಕೆ.

ಉದ್ದ ಮಾಡುವುದಕ್ಕಿಂತ ದೊಡ್ಡ ಉಪಯೋಗ ಈ ಜ್ಞಾನದಿಂದ ಆದದ್ದು ಮೂಳೆ ಸಾಗಣೆಯಲ್ಲಿ. ಅಪಘಾತದಲ್ಲಿ ಕಣಕಾಲಿನ ಮೂಳೆ ಛಿದ್ರವಾಗಿ, ಸೋಂಕು ಹತ್ತಿ, 6 ಸೆಂ.ಮೀ. ಉದ್ದದ ತುಂಡು ಸತ್ತಿದೆ ಎನ್ನೋಣ. ಸತ್ತ ತುಂಡನ್ನು ಕತ್ತರಿಸಿ ತೆಗೆಯುತ್ತಾರೆ. ಈಗ ಅಲ್ಲಿ 6 ಸೆಂ.ಮೀ. ಬರಿದು. ಮೊಣಕಾಲಿನ ಕೆಳಗೆ, ಆರೋಗ್ಯವಾಗಿರುವ ಜಾಗದಲ್ಲಿ, ಮೂಳೆಯನ್ನು ಮತ್ತೊಮ್ಮೆ ಕತ್ತರಿಸಿ, ನಡುವೆ ಬಿಡಿಯಾದ ತುಂಡನ್ನು ದಿನಕ್ಕೆ ಒಂದು ಮಿಲಿಮೀಟರಿನಂತೆ ಕೆಳಕ್ಕೆ ಸರಿಸುತ್ತ ಹೋಗುತ್ತಾರೆ. ತುಂಡು ಮುಂದಕ್ಕೆ ಸಾಗಿದಂತೆ ಅದರ ಹಿಂದೆ ಹೊಸ ಮೂಳೆ. ಎರಡು ತಿಂಗಳ ಪಯಣದ ಕೊನೆಗೆ ತುಂಡು ಆಚೆ ದಡ ಮುಟ್ಟುತ್ತದೆ. 2022ರ ಒಂದೇ ವರ್ಷದಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಗಾಯಗೊಂಡವರು 4,43,366 ಮಂದಿ ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ದ್ವಿಚಕ್ರ ವಾಹನದಿಂದ ಬಿದ್ದವರಲ್ಲಿ ಮೊದಲು ಪೆಟ್ಟು ತಿನ್ನುವ ಮೂಳೆಗಳಲ್ಲಿ ಮಾಂಸದ ಹೊದಿಕೆ ತೀರಾ ಕಡಿಮೆಯಿರುವ ಕಣಕಾಲಿನದ್ದೂ ಒಂದು. ಕರ್ನಾಟಕದ ಆಸ್ಪತ್ರೆಗಳಲ್ಲಿ ಕಾಲಿಗೆ 'ರಿಂಗ್ ಹಾಕಿಸಿಕೊಂಡು' ಊರುಗೋಲಿನ ಮೇಲೆ ಓಡಾಡುವವರಲ್ಲಿ ಇಂಥವರೇ ಹೆಚ್ಚು.

ಉಂಗುರದೊಳಗಿನ ದಿನಗಳು

5 ಸೆಂ.ಮೀ. ಉದ್ದಕ್ಕೆ ಐವತ್ತು ದಿನ ಎಳೆತ ಎಂದೆ. ಎಳೆದ ಮೇಲೆ ಆ ಎಳೆ ಮೂಳೆ ಗಟ್ಟಿಯಾಗಬೇಕು. ಅದಕ್ಕೆ ಎಳೆತದ ಅವಧಿಯ ಎರಡರಷ್ಟು ಹಿಡಿಯುವುದು ಸಾಮಾನ್ಯ, ಬೀಡಿ ಸಿಗರೇಟು ಸೇದುವವರಲ್ಲಿ ಇನ್ನೂ ಹೆಚ್ಚು. ಅಂದರೆ ಐದಾರು ತಿಂಗಳು ಕಾಲಿನ ಸುತ್ತ ಲೋಹ. ಪ್ಯಾಂಟು ಹಾಕಲಾಗದು, ಮಗ್ಗುಲಾಗಿ ಮಲಗಲಾಗದು, ಬಸ್ಸಿನ ಸೀಟಿನ ಸಂದಿಯಲ್ಲಿ ಕಾಲು ಹಿಡಿಸದು. ತಂತಿ ಚರ್ಮ ಹೊಕ್ಕ ಪ್ರತಿಯೊಂದು ರಂಧ್ರವನ್ನೂ ಶುಚಿ ಮಾಡಬೇಕು. ಅಲ್ಲಿ ಕೆಂಪಾಗಿ ಕೀವು ಬರುವುದು ಈ ಚಿಕಿತ್ಸೆಯ ಅತಿ ಸಾಮಾನ್ಯ ತೊಡಕು. ಡ್ರೋರ್ ಪೇಲಿ 1990ರಲ್ಲಿ ತೊಡಕುಗಳನ್ನು ಮೂರು ಬಗೆಯಾಗಿ ವಿಂಗಡಿಸಿದರು: ಶಸ್ತ್ರಚಿಕಿತ್ಸೆಯಿಲ್ಲದೆ ಬಗೆಹರಿಯುವವು, ಮತ್ತೊಮ್ಮೆ ಶಸ್ತ್ರಚಿಕಿತ್ಸೆ ಬೇಡುವವು, ಚಿಕಿತ್ಸೆ ಮುಗಿದರೂ ಉಳಿದುಬಿಡುವವು. ವೈದ್ಯರಿಗೆ ಈ ವಿಂಗಡಣೆ ಉಪಯುಕ್ತ. ನಡುರಾತ್ರಿ ಎಳೆತದ ನೋವಿಗೆ ಎಚ್ಚರವಾಗಿ ಕೂತ ರೋಗಿಗೆ ಮೂರೂ ಒಂದೇ.

ಮೂಳೆ ಬೆಳೆಯಲು ಒಪ್ಪುತ್ತದೆ, ಸ್ನಾಯು ಅಷ್ಟು ಸುಲಭವಾಗಿ ಒಪ್ಪುವುದಿಲ್ಲ. ಈ ಚಿಕಿತ್ಸೆಯ ಕಷ್ಟವೆಲ್ಲ ಇರುವುದು ಈ ಒಂದು ಮಾತಿನಲ್ಲಿ. ತೊಡೆಮೂಳೆಯನ್ನು ಉದ್ದ ಮಾಡುವಾಗ ಮುಂದೊಡೆಯ ಸ್ನಾಯು ಬಿಗಿದು ಮೊಣಕಾಲು ಮಡಚಲು ಬಾರದಂತಾಗುತ್ತದೆ. ಕಣಕಾಲನ್ನು ಉದ್ದ ಮಾಡುವಾಗ ಮೀನಖಂಡ ಬಿಗಿದು ಹಿಮ್ಮಡಿ ಮೇಲೇಳುತ್ತದೆ, ಪಾದ ಕುದುರೆಯ ಗೊರಸಿನಂತೆ ತುದಿಗಾಲಿನಲ್ಲಿ ನಿಲ್ಲುತ್ತದೆ. ಇದನ್ನು ತಡೆಯಲು ದಿನಾಲೂ ಗಂಟೆಗಟ್ಟಲೆ ವ್ಯಾಯಾಮ. ಪಾದಕ್ಕೆ ಟವೆಲ್ ಸಿಕ್ಕಿಸಿ ತನ್ನ ಕಡೆಗೆ ಎಳೆದುಕೊಳ್ಳುವುದು, ಮಂಚದ ಅಂಚಿನಲ್ಲಿ ಕೂತು ಮೊಣಕಾಲು ಮಡಚುವುದು, ನಿಂತು ಭಾರ ಹಾಕುವುದು. ನಟ್ಟು ತಿರುಗಿಸಿ ವ್ಯಾಯಾಮ ಬಿಟ್ಟವರಿಗೆ ಉದ್ದವಾದ, ಆದರೆ ಮಡಚದ ಕಾಲು ಸಿಗುತ್ತದೆ. ಫಿಸಿಯೊಥೆರಪಿಸ್ಟ್ ವಾರಕ್ಕೆ ಎರಡು ದಿನ ಸಿಗುವ ನಗರದ ರೋಗಿಗೂ, ತಾಲ್ಲೂಕು ಕೇಂದ್ರಕ್ಕೆ ಬರಲು ದಿನದ ಕೂಲಿ ಬಿಡಬೇಕಾದ ರೋಗಿಗೂ ಶಸ್ತ್ರಚಿಕಿತ್ಸೆ ಒಂದೇ ಆದರೂ ಕಾಲು ಒಂದೇ ಆಗುವುದಿಲ್ಲ. ವೈದ್ಯಕೀಯ ಪತ್ರಿಕೆಗಳಲ್ಲಿ ಈ ವ್ಯತ್ಯಾಸವನ್ನು 'ರೋಗಿಯ ಸಹಕಾರ' ಎಂಬ ಪದದಡಿ ಹಾಕಿಬಿಡುತ್ತಾರೆ. ಬಸ್ಸಿನ ಖರ್ಚು, ಕೂಲಿಯ ನಷ್ಟ, ಮನೆಯಲ್ಲಿ ಜೊತೆಗಿರುವ ಕೈಗಳು ಆ ಪದದೊಳಗೆ ಕಾಣದಾಗುವುದು ನನಗೆ ಒಪ್ಪಿಗೆಯಾಗದ ಸಂಗತಿ.

ಇತ್ತೀಚಿನ ಸಾಧನಗಳ ಬಗ್ಗೆ ಎರಡು ಮಾತು ಸಾಕು. ಆರು ಸರಳುಗಳ ಟೇಲರ್ ಚೌಕಟ್ಟು ವಕ್ರತೆಯನ್ನು ಗಣಕಯಂತ್ರದ ಲೆಕ್ಕದಿಂದ ತಿದ್ದುತ್ತದೆ. ಮೂಳೆಯ ಪೊಳ್ಳಿನೊಳಗೆ ಇರಿಸಿ ಹೊರಗಿನಿಂದ ಆಯಸ್ಕಾಂತ ಹಿಡಿದು ಉದ್ದ ಮಾಡುವ ಮೊಳೆಗಳು 2011ರ ನಂತರ ಬಳಕೆಗೆ ಬಂದು, ಉಂಗುರ, ರಂಧ್ರ, ಕೀವುಗಳಿಂದ ರೋಗಿಯನ್ನು ಪಾರು ಮಾಡಿವೆ. ಬೆಲೆ ಮಾತ್ರ ನಮ್ಮ ಬಹುಪಾಲು ರೋಗಿಗಳಿಗೆ ಎಟುಕದು, ಮತ್ತು ಸ್ನಾಯುವಿನ ಬಿಗಿತವನ್ನು ಆಯಸ್ಕಾಂತ ಬಿಡಿಸಲಾರದು. ಎತ್ತರ ಹೆಚ್ಚಿಸಿಕೊಳ್ಳಲೆಂದೇ ಆರೋಗ್ಯವಂತರು ಇದೇ ಶಸ್ತ್ರಚಿಕಿತ್ಸೆಗೆ ಹೋಗುವುದೂ ಹೆಚ್ಚಿದೆ. ಚೀನಾ 2006ರಲ್ಲಿ ಸೌಂದರ್ಯದ ಉದ್ದೇಶಕ್ಕೆ ಅದನ್ನು ನಿಷೇಧಿಸಿತು. ನಡೆಯಬಲ್ಲ ಕಾಲನ್ನು ಪಣಕ್ಕಿಡುವ ಆ ವಿಷಯ ಈ ಲೇಖನದ ಹೊರಗಿನದು.

ಎರಡು ಫಲಿತಾಂಶ, ಬಿಟ್ಟುಹೋದ ಮೂರನೆಯದು

ಆಸಾಮಿ ಮಾಪನ ಫಲಿತಾಂಶವನ್ನು ಎರಡು ಕಡೆ ಬರೆಯುತ್ತದೆ. ಮೂಳೆಯ ಫಲಿತಾಂಶ 'ಅತ್ಯುತ್ತಮ' ಎನಿಸಲು ಮೂಳೆ ಕೂಡಿರಬೇಕು, ಸೋಂಕು ಇರಬಾರದು, ವಕ್ರತೆ 7 ಡಿಗ್ರಿಗಿಂತ ಕಡಿಮೆ, ಎರಡು ಕಾಲುಗಳ ಉದ್ದದ ವ್ಯತ್ಯಾಸ 2.5 ಸೆಂ.ಮೀ.ಗಿಂತ ಕಡಿಮೆ ಇರಬೇಕು. ಕಾರ್ಯದ ಫಲಿತಾಂಶ 'ಅತ್ಯುತ್ತಮ' ಎನಿಸಲು ವ್ಯಕ್ತಿ ಚಟುವಟಿಕೆಯಿಂದಿರಬೇಕು, ಕುಂಟಬಾರದು, ಹೆಚ್ಚಿನ ನೋವಿರಬಾರದು, ಕೀಲುಗಳ ಬಿಗಿತ ಅತ್ಯಲ್ಪವಿರಬೇಕು. ಒಂದೇ ಕಾಲಿಗೆ ಎರಡು ಅಂಕಪಟ್ಟಿ. ಇದರ ಹಿಂದಿನ ಪ್ರಾಮಾಣಿಕತೆಯನ್ನು ಮೆಚ್ಚಲೇಬೇಕು. ವೈದ್ಯರ ಗೆಲುವನ್ನೇ ರೋಗಿಯ ಗೆಲುವೆಂದು ಬರೆದುಬಿಡುವ ಅನುಕೂಲವನ್ನು ಅದು ತಾನಾಗಿ ಕೈಬಿಟ್ಟಿತು. ಬ್ರುಮೆಲ್ ಕಾಲನ್ನು ಈ ಪಟ್ಟಿಯಲ್ಲಿ ಇಟ್ಟು ನೋಡಿದರೆ ಎರಡೂ ಕಡೆ ಒಳ್ಳೆಯ ಅಂಕ ಬರುತ್ತಿತ್ತು. 2.28 ಮೀಟರ್ ಮತ್ತೆಂದೂ ಬರಲಿಲ್ಲ ಎಂಬುದು ಯಾವ ಪಟ್ಟಿಯಲ್ಲೂ ಬೀಳುತ್ತಿರಲಿಲ್ಲ. ಜಿಗಿತಗಾರನಿಗೆ ಕಾಲಿನ ಕೆಲಸ ಯಾವುದೆಂಬುದು ಜಿಗಿತಗಾರನಿಗೇ ಗೊತ್ತು.

ಈಗ ಬಿಗಿತದ ಲೆಕ್ಕವನ್ನು ಹತ್ತಿರದಿಂದ ನೋಡೋಣ. ಮೊಣಕಾಲು ನೀಡುವಾಗ 15 ಡಿಗ್ರಿಗಿಂತ ಹೆಚ್ಚು ಕೊರತೆಯಿದೆಯೆ, ಪಾದ ಮೇಲಕ್ಕೆ ಬಾಗುವುದರಲ್ಲಿ 15 ಡಿಗ್ರಿಗಿಂತ ಹೆಚ್ಚು ಕೊರತೆಯಿದೆಯೆ ಎಂದು ಮಾಪನ ಕೇಳುತ್ತದೆ. ಮೊಣಕಾಲು ಎಷ್ಟು ಮಡಚುತ್ತದೆ ಎಂದು ಕೇಳುವುದಿಲ್ಲ. ನಡೆಯುವುದಕ್ಕೆ ಇದು ಸಾಕು. ಸಮತಟ್ಟಾದ ನೆಲದ ಮೇಲೆ ನಡೆಯಲು ಮೊಣಕಾಲು 60ರಿಂದ 70 ಡಿಗ್ರಿ ಮಡಚಿದರೆ ಆಯಿತು, ಕುರ್ಚಿಯಿಂದ ಏಳಲು ಸುಮಾರು 90. ಕುರ್ಚಿ, ಮಂಚ, ಎತ್ತರದ ಶೌಚಾಸನಗಳ ನಡುವೆ ಬದುಕುವವರಿಗೆ ಆಮೇಲಿನ ಡಿಗ್ರಿಗಳು ಅಷ್ಟಾಗಿ ಬೇಕಾಗುವುದಿಲ್ಲ. ಕುಕ್ಕರಗಾಲಿನಲ್ಲಿ ಕೂರಲು 110 ಡಿಗ್ರಿಗಿಂತ ಹೆಚ್ಚು ಬೇಕು, ಹಿಮ್ಮಡಿ ನೆಲಕ್ಕೆ ಊರಲು ಪಾದ ಚೆನ್ನಾಗಿ ಮೇಲಕ್ಕೆ ಬಾಗಬೇಕು. ತೊಡೆಮೂಳೆ ಉದ್ದವಾಗಿ, ಮೊಣಕಾಲು 80 ಡಿಗ್ರಿಗೆ ನಿಂತುಹೋದ ರೈತ ಮಹಿಳೆಯೊಬ್ಬರನ್ನು ನೆನೆಯಿರಿ. ಆಕೆ ಕುಂಟದೆ ನಡೆಯುತ್ತಾರೆ, ನೋವಿಲ್ಲ, ಕೆಲಸಕ್ಕೂ ಹೋಗುತ್ತಾರೆ. ಆಸಾಮಿ ಮಾಪನದಲ್ಲಿ ಎರಡೂ ಫಲಿತಾಂಶ ಅತ್ಯುತ್ತಮ. ಆದರೆ ಬಯಲಿಗೆ ಕೂರಲಾರರು, ನೆಲದ ಶೌಚಾಲಯ ಬಳಸಲಾರರು, ಕಳೆ ಕೀಳಲು ಕುಕ್ಕರಿಸಲಾರರು, ಮದುವೆ ಮನೆಯ ಪಂಕ್ತಿಯಲ್ಲಿ ಎಲೆಯ ಮುಂದೆ ಕೂರಲಾರರು. ಮೊದಲು ಗಿಡ್ಡ ಕಾಲಿನಲ್ಲಿ ಕುಂಟುತ್ತಿದ್ದರೂ ಇದೆಲ್ಲ ಆಗುತ್ತಿತ್ತು.

ಬದುಕಿನ ರೀತಿಗೆ ಹೊಂದಿಸಿ ಕಾಲನ್ನು ಯೋಚಿಸಿದ ಪೂರ್ವೋದಾಹರಣೆ ನಮ್ಮ ದೇಶದಲ್ಲೇ ಇದೆ. ಬ್ರುಮೆಲ್ ಕುರ್ಗಾನಿಗೆ ಹೋದ 1968ರಲ್ಲೇ ಜೈಪುರದಲ್ಲಿ ವೈದ್ಯ ಪಿ. ಕೆ. ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮಾ ಜೈಪುರ ಪಾದವನ್ನು ರೂಪಿಸಿದರು. ಆಗ ಸಿಗುತ್ತಿದ್ದ ವಿದೇಶಿ ಮಾದರಿಯ ಕೃತಕ ಪಾದಗಳಿಗೆ ಬೂಟು ಬೇಕಿತ್ತು, ಕುಕ್ಕರಿಸಲು ಅವು ಬಿಡುತ್ತಿರಲಿಲ್ಲ. ಊರಿಗೆ ಮರಳಿದ ರೋಗಿಗಳು ಅವನ್ನು ಮೂಲೆಗಿಟ್ಟು ಊರುಗೋಲಿಗೇ ಮರಳುತ್ತಿದ್ದರು. ಬರಿಗಾಲಿನಲ್ಲಿ ಕೆಸರಲ್ಲಿ ನಡೆಯಲು, ನೆಲದ ಮೇಲೆ ಕೂರಲು ಆಗುವ ರಬ್ಬರ್ ಪಾದ ಬಂದಾಗ ಅದನ್ನು ತೊಟ್ಟುಕೊಂಡೇ ಹೊಲಕ್ಕಿಳಿದರು. ಕೃತಕ ಪಾದಕ್ಕೆ ಕೇಳಿದ ಆ ಪ್ರಶ್ನೆಯನ್ನು ಉಳಿಸಿಕೊಂಡ ಕಾಲಿಗೂ ಕೇಳಬೇಕಿತ್ತು.

ಪೋಲಿಯೊ ಪೀಡಿತರ ಕಾಲು ಈ ವಾದವನ್ನು ಇನ್ನೊಂದು ಬದಿಯಿಂದ ತೋರಿಸುತ್ತದೆ. ದೇಶದ ಕೊನೆಯ ಪೋಲಿಯೊ ಪ್ರಕರಣ 2011ರ ಜನವರಿಯಲ್ಲಿ ಪಶ್ಚಿಮ ಬಂಗಾಳದ ಹೌರಾದಲ್ಲಿ ದಾಖಲಾಯಿತು, 2014ರ ಮಾರ್ಚ್‌ನಲ್ಲಿ ಭಾರತ ಪೋಲಿಯೊಮುಕ್ತವೆಂದು ಘೋಷಣೆಯಾಯಿತು. ಆದರೆ ಅದಕ್ಕೂ ಮುಂಚೆ ಪೋಲಿಯೊ ತಾಗಿದವರು ನಮ್ಮ ನಡುವೆಯೇ ವಯಸ್ಸಾಗುತ್ತಿದ್ದಾರೆ. ಮುಂದೊಡೆಯ ಸ್ನಾಯು ಸತ್ತ ಕಾಲಿನಲ್ಲಿ ಹೆಜ್ಜೆ ಊರಿದಾಗ ಮೊಣಕಾಲು ಕುಸಿಯುತ್ತದೆ. ಕುಸಿಯದಿರಲೆಂದು ಅವರು ಪ್ರತಿ ಹೆಜ್ಜೆಗೂ ತೊಡೆಯ ಮೇಲೆ ಕೈ ಊರಿ ಒತ್ತುತ್ತಾರೆ. ಮೊಣಕಾಲಿನ ಸ್ವಲ್ಪ ಮೇಲೆ ಮೂಳೆ ಕತ್ತರಿಸಿ, ಅಂಟಿಕೊಂಡ ಬಾಗನ್ನು ಬಿಡಿಸಿ, ಕಾಲನ್ನು ತುಸು ಹಿಂದಕ್ಕೆ ನೀಡಿದಂತೆ ಕೂಡಿಸಿದರೆ ದೇಹದ ಭಾರವೇ ಮೊಣಕಾಲನ್ನು ಬಿಗಿಹಿಡಿಯುತ್ತದೆ. ಕೈ ಬಿಡುವಾಗುತ್ತದೆ. ಇಂಥ ಕಾಲನ್ನು ಉದ್ದ ಮಾಡುವಾಗ ಅನುಭವಿ ಶಸ್ತ್ರಚಿಕಿತ್ಸಕರು ಅದನ್ನು ಇನ್ನೊಂದು ಕಾಲಿಗೆ ಪೂರ್ತಿ ಸಮ ಮಾಡುವುದಿಲ್ಲ. ಒಂದೆರಡು ಸೆಂಟಿಮೀಟರ್ ಗಿಡ್ಡವಾಗಿಯೇ ಬಿಡುತ್ತಾರೆ. ಸ್ನಾಯುಬಲವಿಲ್ಲದ ಕಾಲು ಸಮ ಉದ್ದಕ್ಕೆ ಬಂದರೆ ಮುಂದಿಡುವಾಗ ಪಾದ ನೆಲಕ್ಕೆ ತಾಗಿ ಎಡವುತ್ತಾರೆ. ತುದಿಗಾಲಿನ ಬಾಗನ್ನೂ ಪೂರ್ತಿ ಬಿಡಿಸುವಂತಿಲ್ಲ, ಏಕೆಂದರೆ ಆ ಬಾಗೇ ಎಷ್ಟೋ ಸಲ ಮೊಣಕಾಲನ್ನು ಹಿಂದಕ್ಕೆ ತಳ್ಳಿ ನಿಲ್ಲಿಸಿರುತ್ತದೆ. ಇಲ್ಲಿ ಮೂಳೆಯ ಪೂರ್ಣ ಗೆಲುವು ನಡಿಗೆಯ ಸೋಲಾಗಬಹುದು. ಮತ್ತು ಈ ಚಿಕಿತ್ಸೆಯ ನಿಜವಾದ ಫಲವಾದ ಬಿಡುವಾದ ಕೈ ಕಾಲಿನ ಅಂಕಪಟ್ಟಿಯಲ್ಲಿ ಎಲ್ಲಿಯೂ ನಮೂದಾಗುವುದಿಲ್ಲ. ಇಪ್ಪತ್ತು ವರ್ಷ ತೊಡೆಯ ಮೇಲಿದ್ದ ಕೈಯಲ್ಲಿ ಮಗುವನ್ನು ಎತ್ತಿಕೊಂಡು ನಡೆದ ತಾಯಿಯ ಪಾಲಿಗೆ ಆ ಶಸ್ತ್ರಚಿಕಿತ್ಸೆ ನಡೆದದ್ದು ಕೈಯ ಮೇಲೆಯೇ.

ಹೊಸ ಮಾಪನವೊಂದನ್ನು ಕಟ್ಟುವುದು ದೊಡ್ಡ ಕೆಲಸ; ಹಲವು ಆಸ್ಪತ್ರೆಗಳು ಸೇರಿ, ನೂರಾರು ರೋಗಿಗಳ ಮೇಲೆ ಪರೀಕ್ಷಿಸಿ ಮಾಡಬೇಕಾದದ್ದು. ಅದು ಆಗುವವರೆಗೆ ಕರ್ನಾಟಕದ ಮೂಳೆಚಿಕಿತ್ಸಾ ವಿಭಾಗಗಳು ಇರುವ ಪಟ್ಟಿಗೆ ನಾಲ್ಕು ಸಾಲು ಸೇರಿಸಿಕೊಳ್ಳಬಹುದು. ಶಸ್ತ್ರಚಿಕಿತ್ಸೆಗೆ ಮುಂಚೆ ಮೊಣಕಾಲು ಎಷ್ಟು ಮಡಚುತ್ತಿತ್ತು, ಚೌಕಟ್ಟು ಬಿಚ್ಚಿದ ಒಂದು ವರ್ಷಕ್ಕೆ ಎಷ್ಟು ಮಡಚುತ್ತದೆ. ನೆಲದ ಮೇಲೆ ಕೂತು ಯಾರ ಆಸರೆಯೂ ಇಲ್ಲದೆ ಏಳಬಲ್ಲರೆ. ನಡೆಯುವಾಗ ಎರಡೂ ಕೈ ಬಿಡುವಾಗಿವೆಯೆ. ಮನೆಯಲ್ಲಿ ನಟ್ಟು ತಿರುಗಿಸಿದವರು ಯಾರು, ವ್ಯಾಯಾಮ ಹೇಳಿಕೊಟ್ಟವರು ಎಷ್ಟು ಸಲ ಸಿಕ್ಕರು. ಮೊದಲ ಮೂರಕ್ಕೆ ಹೊರರೋಗಿ ವಿಭಾಗದ ಮೂಲೆಯಲ್ಲಿ ಹಾಸಿದ ಒಂದು ಚಾಪೆ ಬೇಕು, ಒಂದು ಕೋನಮಾಪಕ ಬೇಕು. ರೋಗಿಯನ್ನು ಕೂರಲು ಹೇಳಿ, ಏಳಲು ಹೇಳಿ, ಚೀಟಿಯ ಮೇಲೆ ಡಿಗ್ರಿ ಬರೆಯುವುದಕ್ಕೆ ಐದು ನಿಮಿಷ ಹಿಡಿಯುತ್ತದೆ. ನಾಲ್ಕನೆಯದಕ್ಕೆ ಜೊತೆಗೆ ಬಂದವರನ್ನು ಬಾಗಿಲಾಚೆಯ ಬೆಂಚಿನಿಂದ ಒಳಕ್ಕೆ ಕರೆಯಬೇಕಾಗುತ್ತದೆ.